ಹಳೆಯ 335ಐಗೆ ಟ್ಯೂನ್ ಹಾಕಬೇಕೇ? ಪರ – ವಿರೋಧ

ಗಾಡಿ: ಬಿಎಂಡಬ್ಲ್ಯು 335ಐ ಸೆಡಾನ್, ಇ90 ಮಾದರಿ, ಎನ್54 ಎಂಜಿನ್. ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಸಾಫ್ಟ್‌ವೇರ್ ಬದಲಿಸಿ ಬೂಸ್ಟ್ (ಟರ್ಬೊ ಎಂಜಿನ್‌ಗೆ ಗಾಳಿ ತುಂಬುವ ಒತ್ತಡ) ಏರಿಸುವುದು, ಅಂದರೆ ಟ್ಯೂನ್ ಹಾಕುವುದು, ಜಾಣತನವೇ?

ಪರ: ಕಟ್ಟಿಟ್ಟಿದ್ದನ್ನು ಬಿಚ್ಚಿಕೊಳ್ಳುವುದರಲ್ಲಿ ತಪ್ಪೇನಿದೆ?

ಎನ್54 ಎಂಜಿನ್‌ನಲ್ಲಿ ಕಂಪನಿ ಕೊಟ್ಟಿದ್ದಕ್ಕಿಂತ ಕಟ್ಟಿಟ್ಟಿದ್ದೇ ಹೆಚ್ಚು. ಮೂರು ಲೀಟರ್, ಸಾಲಾಗಿ ಆರು ಸಿಲಿಂಡರ್, ಮೊದಲ ಮೂರಕ್ಕೆ ಒಂದು ಟರ್ಬೊ, ಉಳಿದ ಮೂರಕ್ಕೆ ಇನ್ನೊಂದು. 2006ರಲ್ಲಿ ಬಂದಾಗ 306 ಪಿಎಸ್ (ಕುದುರೆ) ಶಕ್ತಿ, 400 ನ್ಯೂಟನ್ ಮೀಟರ್ ಟಾರ್ಕ್. 2007 ಮತ್ತು 2008ರಲ್ಲಿ ವರ್ಷದ ಅಂತರರಾಷ್ಟ್ರೀಯ ಎಂಜಿನ್ ಎಂಬ ಪ್ರಶಸ್ತಿ. ಇಷ್ಟೆಲ್ಲ ಸಾಧಿಸಿದ್ದು ಸುಮಾರು 0.6 ಬಾರ್ ಬೂಸ್ಟಿನಲ್ಲಿ. ಅದೇ ಟರ್ಬೊಗಳನ್ನು 0.9ರಿಂದ 1 ಬಾರ್ ಕೇಳಿದರೆ, ಪೆಟ್ರೋಲ್ ಪೂರೈಕೆ ಸರಿಯಿರುವ ಎಂಜಿನ್ ಗೊಣಗದೆ ಕೊಡುತ್ತದೆ. ಟರ್ಬೊ ಇಲ್ಲದ ಎಂಜಿನ್‌ನಿಂದ ಇಪ್ಪತ್ತು ಕುದುರೆ ಹೆಚ್ಚಿಗೆ ಪಡೆಯಲು ಕ್ಯಾಮ್, ಹೆಡ್, ಎಕ್ಸಾಸ್ಟ್ ಎಲ್ಲಕ್ಕೂ ಕೈ ಹಾಕಬೇಕು. ಇಲ್ಲಿ ಬೇಕಾಗಿದ್ದು ಒಂದು ಕೇಬಲ್.

ಟ್ಯೂನ್‌ನಲ್ಲಿ ಎರಡು ಬಗೆ. ಜೆಬಿ4ನಂಥ ಪಿಗ್ಗಿಬ್ಯಾಕ್ ಪೆಟ್ಟಿಗೆ ಸೆನ್ಸರ್ ಮತ್ತು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ನಡುವೆ ಕೂತು, ಇರುವ ಬೂಸ್ಟನ್ನು ಕಡಿಮೆ ಮಾಡಿ ತೋರಿಸುತ್ತದೆ. ಸಾಲದು ಎಂದುಕೊಂಡ ಇಸಿಯು ಇನ್ನಷ್ಟು ಏರಿಸುತ್ತದೆ. ಎರಡನೆಯದು ಫ್ಲ್ಯಾಶ್: ಒಬಿಡಿ ಎಂಬ ತಪಾಸಣಾ ಸಾಕೆಟ್ ಮೂಲಕ ಇಸಿಯು ಒಳಗಿನ ಮ್ಯಾಪನ್ನೇ (ಎಷ್ಟು ಬೂಸ್ಟ್, ಎಷ್ಟು ಪೆಟ್ರೋಲ್ ಎಂಬ ಲೆಕ್ಕದ ಪಟ್ಟಿ) ಬದಲಿಸುವುದು. ನನ್ನ ಆಯ್ಕೆ ಫ್ಲ್ಯಾಶ್. ಸುಳ್ಳು ಹೇಳಿಸುವುದಕ್ಕಿಂತ ಲೆಕ್ಕವನ್ನೇ ತಿದ್ದುವುದು ಮೇಲು. ಬೇಡವೆನಿಸಿದ ದಿನ ಕಂಪನಿಯ ಮೂಲ ಮ್ಯಾಪ್ ವಾಪಸ್ ಹಾಕಬಹುದು, ಒಂದು ನಟ್ಟೂ ಬಿಚ್ಚಬೇಕಿಲ್ಲ. ಫ್ಲ್ಯಾಶ್ ಮಾಡುವಾಗ ಮಾತ್ರ ಬ್ಯಾಟರಿಗೆ ಒಳ್ಳೆಯ ಚಾರ್ಜರ್ ಕೊಟ್ಟು ವೋಲ್ಟೇಜ್ 13ರ ಮೇಲೆ ನಿಲ್ಲುವಂತೆ ನೋಡಿಕೊಳ್ಳಬೇಕು. ಹೆಡ್‌ಲೈಟ್, ಬ್ಲೋಯರ್, ರೇಡಿಯೊ ಎಲ್ಲ ಆಫ್. ನಡುವೆ ವೋಲ್ಟೇಜ್ ಕುಸಿದರೆ ಇಸಿಯು ಅಲ್ಲೇ ಮಲಗುತ್ತದೆ, ಎಬ್ಬಿಸುವುದು ಸುಲಭವಲ್ಲ.

ಟ್ಯೂನಿನ ದೊಡ್ಡ ಲಾಭ ವೇಗವಲ್ಲ, ಲಾಗ್: ಓಡುವಾಗ ಇಸಿಯು ಕಂಡ ಅಂಕಿಗಳ ದಾಖಲೆ. ಮೂರನೇ ಗೇರಿನಲ್ಲಿ 2,500 ಆರ್‌ಪಿಎಂನಿಂದ 6,500ರ ತನಕ ಎಕ್ಸಿಲರೇಟರ್ ಪೂರ್ತಿ ಒತ್ತಿ ಒಂದು ಲಾಗ್ ತೆಗೆಯಿರಿ (ರಸ್ತೆಯಲ್ಲಲ್ಲ, ಟ್ರ್ಯಾಕಿನಲ್ಲಿ ಅಥವಾ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ). ಕೇಳಿದ ಬೂಸ್ಟ್ ಒಂದು, ಬಂದ ಬೂಸ್ಟ್ ಇನ್ನೊಂದು, ಜೊತೆಗೆ ವೇಸ್ಟ್‌ಗೇಟ್ (ಟರ್ಬೊ ತಪ್ಪಿಸಿ ಎಕ್ಸಾಸ್ಟ್ ಹೊರಬಿಡುವ ಬಾಗಿಲು) ಮುಚ್ಚುವ ಆಜ್ಞೆ, ಅಂದರೆ ಡ್ಯೂಟಿ, ಏರುತ್ತಲೇ ಇದೆ ಎಂದರೆ ಎಲ್ಲೋ ಗಾಳಿ ಸೋರುತ್ತಿದೆ ಅಥವಾ ಆ ಬಾಗಿಲು ಮುಚ್ಚುವ ವ್ಯಾಕ್ಯೂಮ್ ಸಾಲುತ್ತಿಲ್ಲ. ಒಂದೇ ಸಿಲಿಂಡರಿನ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಮತ್ತೆ ಮತ್ತೆ 3 ಡಿಗ್ರಿಗಿಂತ ಹೆಚ್ಚು ಹಿಂದೆ ಸರಿದರೆ ಆ ಸಿಲಿಂಡರಿನ ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡಿ. ಆರೂ ಒಟ್ಟಿಗೆ ಸರಿದರೆ ಪೆಟ್ರೋಲಿನ ಆಕ್ಟೇನ್ ಸಾಲದು, ಇಲ್ಲವೇ ಒಳಬರುವ ಗಾಳಿ ಕಾದಿದೆ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ (ರೈಲ್) ಒತ್ತಡ ಬಿದ್ದಾಗ ಟ್ಯಾಂಕಿನ ಕಡೆಯ ಒತ್ತಡ 5 ಬಾರ್ ಹತ್ತಿರವೇ ನಿಂತಿದ್ದರೆ ತಪ್ಪು ಎಂಜಿನ್ ಮೇಲಿನ ಹೈ ಪ್ರೆಷರ್ ಪಂಪಿನದು. ಅದೂ ಬಿದ್ದರೆ ಟ್ಯಾಂಕಿನೊಳಗಿನ ಪಂಪಿನದು. ಲಾಗ್ ಇಲ್ಲದೆ ಓಡಿಸುವವರಿಗೆ ಇದೆಲ್ಲ ತಿಳಿಯುವುದು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದ ಮೇಲೆ. ಆ ಹೊತ್ತಿಗೆ ಗಾಡಿ ಅರ್ಧ ಶಕ್ತಿಯಲ್ಲಿ ತೆವಳುತ್ತಿರುತ್ತದೆ.

ಷರತ್ತುಗಳು ಇವೆ. ಸ್ಪಾರ್ಕ್ ಪ್ಲಗ್ ಹೊಸದಿರಲಿ, ಒಂದು ಹಂತ ತಣ್ಣನೆಯದು (ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು), ಗ್ಯಾಪ್ 0.55ರಿಂದ 0.6 ಮಿಲಿಮೀಟರ್. ಗ್ಯಾಪ್ ಅಗಲವಿದ್ದರೆ ಹೆಚ್ಚಿದ ಬೂಸ್ಟಿನಲ್ಲಿ ಕಿಡಿ ಊದಿಹೋಗಿ ಮಿಸ್ಸಿಂಗ್ (ಸಿಲಿಂಡರ್ ಉರಿಯದೆ ತಪ್ಪುವುದು) ಶುರುವಾಗುತ್ತದೆ. ತಣ್ಣಗಿರುವ ಎಂಜಿನ್‌ನಲ್ಲಿ, ಟಾರ್ಕ್ ರೆಂಚ್ ಹಿಡಿದು 23 ನ್ಯೂಟನ್ ಮೀಟರಿಗೆ ಬಿಗಿಯಿರಿ. ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿನಿಂದ ಥ್ರಾಟಲ್‌ಗೆ ಹೋಗುವ ಪ್ಲಾಸ್ಟಿಕ್ ಚಾರ್ಜ್ ಪೈಪನ್ನು ಮೊದಲೇ ಅಲ್ಯೂಮಿನಿಯಮ್‌ಗೆ ಬದಲಿಸಿಬಿಡಿ. ಹಳೆಯದು ಥ್ರಾಟಲಿನ ಬಳಿ ಒಂದು ದಿನ ಪಟಾರೆಂದು ಒಡೆಯುವುದೇ. ಎರಡು ಮೂರು ಬಾರಿ ಎಳೆದ ಕೂಡಲೇ ಕಾದು ಕೂರುವ ಮೂಲ ಇಂಟರ್‌ಕೂಲರ್ ಜಾಗಕ್ಕೆ ದೊಡ್ಡದು ಬಂದರೆ ಒಳ್ಳೆಯದು. ಬಿಎಂಡಬ್ಲ್ಯುವಿನ ಎಲ್‌ಎಲ್-01 ದರ್ಜೆಯ ಆಯಿಲ್ 6.5 ಲೀಟರ್, ಗಾಡಿಯ ಕಂಪ್ಯೂಟರ್ ಏನೇ ಹೇಳಲಿ, 8,000 ಕಿಲೋಮೀಟರಿಗೊಮ್ಮೆ ಬದಲಿಸಿ.

ಟರ್ಬೊದಿಂದ ಇಳಿಯುವ ಎಕ್ಸಾಸ್ಟ್ ಕೊಳವೆ (ಡೌನ್‌ಪೈಪ್) ಬದಲಿಸಿ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೆಸೆಯುವ ಎರಡನೇ ಹಂತಕ್ಕೆ ನಾನು ವಕೀಲಿ ಮಾಡಲಾರೆ. ಬಹಳಷ್ಟು ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ, ವಾಸನೆಯಂತೂ ಎಲ್ಲ ದೇಶಗಳಲ್ಲೂ ಒಂದೇ. ಪ್ರಶ್ನೆ ಸಾಫ್ಟ್‌ವೇರ್ ಮಾತ್ರ ಬದಲಿಸುವ ಮೊದಲ ಹಂತದ್ದು ಎಂದು ಓದಿಕೊಂಡು ಹೌದು ಎಂದಿದ್ದೇನೆ. ಅದೂ ಸೋರಿಕೆ ಇಲ್ಲದ, ಆರೂ ಸಿಲಿಂಡರಿನ ಕಂಪ್ರೆಷನ್ ಒಂದಕ್ಕೊಂದು ಹತ್ತಿರವಿರುವ ಎಂಜಿನ್‌ಗೆ. ಅಂಥದ್ದು ಎಷ್ಟು ಉಳಿದಿವೆ ಎಂಬುದು ಬೇರೆ ಪ್ರಶ್ನೆ.

ವಿರೋಧ: ಮೊದಲು ಗ್ಯಾಸ್ಕೆಟ್

ಟ್ಯೂನ್ ಪರವಾಗಿರುವವರ ಮಾತು ಕೇಳಿದರೆ ಈ ಗಾಡಿಯನ್ನು ಲ್ಯಾಪ್‌ಟಾಪಿನೊಳಗೇ ಓಡಿಸಬಹುದೇನೋ ಅನ್ನಿಸುತ್ತದೆ. ಕೇಬಲ್ ಚುಚ್ಚು, ಕಾಫಿ ಕುಡಿ, ನೂರು ಕುದುರೆ ಬಂತು. ಲಾಗ್ ನೋಡಿ ರೋಗ ಹಿಡಿಯುತ್ತಾರಂತೆ! ಬಾನೆಟ್ ಎತ್ತಿ ಟಾರ್ಚ್ ಬಿಟ್ಟರೆ ಕಾಣುವ ಆಯಿಲ್ ಯಾವ ಲಾಗಿನಲ್ಲೂ ಕಾಲಂ ಆಗಿ ಬರುವುದಿಲ್ಲ. ಇನ್ನು ಬಹುಪಾಲು ಮಾಲೀಕರಿಗೆ ಲಾಗ್ ಎಂದರೆ ಗೆಳೆಯರಿಗೆ ಕಳಿಸುವ ಬಣ್ಣದ ಗೆರೆಗಳು, ಅಷ್ಟೆ.

ಎನ್54 ಎಂಜಿನ್ ಕೊಲ್ಲುವ ಕಾಯಿಲೆ ಬೂಸ್ಟಿನಿಂದ ಶುರುವಾಗುವುದಿಲ್ಲ, ಒಂದು ರಬ್ಬರ್ ಗ್ಯಾಸ್ಕೆಟಿನಿಂದ ಶುರುವಾಗುತ್ತದೆ. ಆಯಿಲ್ ಫಿಲ್ಟರ್ ಹೌಸಿಂಗ್ ಮತ್ತು ಎಂಜಿನ್ ನಡುವೆ ಕೂರುವ ಗ್ಯಾಸ್ಕೆಟ್ ಅದು. ವರ್ಷಗಟ್ಟಲೆ ಕಾದು ಕಾದು ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ, ಹಿಡಿತ ಬಿಟ್ಟು ಆಯಿಲ್ ಒಸರತೊಡಗುತ್ತದೆ. ನೆಲದ ಮೇಲೆ ಹನಿ ಬೀಳುವುದಿಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೌಸಿಂಗ್ ಕೆಳಗಿರುವುದು ಆಲ್ಟರ್ನೇಟರ್ ಮತ್ತು ಬೆಲ್ಟ್. ಆಯಿಲ್ ಹೀರಿದ ಬೆಲ್ಟ್ ಉಬ್ಬಿ, ಜಾರಿ, ಒಂದು ದಿನ ಪುಲ್ಲಿ ಬಿಟ್ಟು ಹೊರಬರುತ್ತದೆ. ಬೇರೆ ಎಂಜಿನ್‌ಗಳಲ್ಲಾದರೆ ಕಥೆ ಅಲ್ಲಿಗೇ ಮುಗಿಯಿತು: ಹೊಸ ಬೆಲ್ಟ್ ಹಾಕಿ ಹೊರಡಬಹುದು. ಇಲ್ಲಿ ಜಾರಿದ ಬೆಲ್ಟ್ ಎಂಜಿನ್ನಿನ ಮುಖ್ಯ ದಂಡದ (ಕ್ರ್ಯಾಂಕ್) ಪುಲ್ಲಿಯ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಮುಂದಿನ ಕ್ರ್ಯಾಂಕ್ ಸೀಲನ್ನು ಒಳಕ್ಕೆ ತಳ್ಳಿಕೊಂಡು, ನಾರು ನಾರಾಗಿ ಎಂಜಿನ್ ಒಳಗೆ ನುಗ್ಗುತ್ತದೆ. ಆ ನಾರು ಆಯಿಲ್ ಚೇಂಬರಿಗೆ ಇಳಿದು ಆಯಿಲ್ ಹೀರುವ ಕೊಳವೆಯ (ಪಿಕಪ್) ಜಾಲರಿಗೆ ಅಂಟಿದರೆ ಆಯಿಲ್ ಪಂಪಿಗೆ ಸಿಗುವುದು ಗಾಳಿ. ಬೇರಿಂಗ್‌ಗಳಿಗೂ ಟರ್ಬೊಗಳಿಗೂ ಏನು ಸಿಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಮೊದಲು ಗ್ಯಾಸ್ಕೆಟ್. ಏರ್ ಫಿಲ್ಟರ್ ಡಬ್ಬಿ, ಅದರ ಪೈಪುಗಳು ತೆಗೆದರೆ ಹೌಸಿಂಗ್ ಕೈಗೆ ಸಿಗುತ್ತದೆ. ಹಳೆಯ ಗ್ಯಾಸ್ಕೆಟನ್ನು ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ; ಅಲ್ಯೂಮಿನಿಯಮ್ ಮೇಲೆ ಒಂದು ಗೀರು ಬಿದ್ದರೂ ಹೊಸ ಗ್ಯಾಸ್ಕೆಟ್ ಅಲ್ಲಿಂದಲೇ ಸೋರುತ್ತದೆ. ಆಯಿಲ್ ಕೂಲರ್ ಪೈಪುಗಳು ಹೌಸಿಂಗಿಗೆ ಸೇರುವ ಕಡೆಯ ಸೀಲನ್ನೂ ಜೊತೆಗೇ ಬದಲಿಸಿ, ಕೆಲಸ ಒಂದೇ. ಬೆಲ್ಟನ್ನು ಒರೆಸಿ ಮತ್ತೆ ಹಾಕುವ ಉಳಿತಾಯ ಬೇಡ, ಆಯಿಲ್ ಕುಡಿದ ರಬ್ಬರ್ ಮೊದಲಿನಂತಾಗದು. ಬೆಲ್ಟ್ ಬಿಗಿಹಿಡಿಯುವ ಟೆನ್ಷನರಿನ ಬೇರಿಂಗ್ ಕೈಯಲ್ಲಿ ತಿರುಗಿಸಿ ನೋಡಿ, ಗರಗರ ಎಂದರೆ ಅದೂ ಹೊಸದು. ಈಗಾಗಲೇ ಬೆಲ್ಟ್ ಹರಿದು ಒಂದು ತುಂಡು ಲೆಕ್ಕಕ್ಕೆ ಸಿಗುತ್ತಿಲ್ಲವಾದರೆ ಸೀಲ್ ಬದಲಿಸಿದರಷ್ಟೇ ಸಾಲದು. ಎಂಜಿನ್ನನ್ನು ಮೇಲಿನಿಂದ ಹಿಡಿದು ನಿಲ್ಲಿಸಿ, ಮುಂದಿನ ಸಬ್‌ಫ್ರೇಮ್ ಇಳಿಸಿ, ಆಯಿಲ್ ಚೇಂಬರ್ ಬಿಚ್ಚಿ ಪಿಕಪ್ ಜಾಲರಿ ಕಣ್ಣಾರೆ ನೋಡಲೇಬೇಕು. ದೊಡ್ಡ ಕೆಲಸ. ಹೊಸ ಎಂಜಿನ್ ಹುಡುಕುವುದಕ್ಕಿಂತ ಚಿಕ್ಕದು.

ಇನ್ನು ಬೂಸ್ಟಿನ ವಿಷಯ. ಇಸಿಯುನಲ್ಲಿ 30ಎಫ್‌ಎಫ್ ಎಂಬ ದೋಷದ ಕೋಡ್ ಬಂದರೆ ಬೂಸ್ಟ್ ಸಾಲದು ಎಂದರ್ಥ. ಟರ್ಬೊ ಹೋಯಿತು ಎಂದಲ್ಲ. ಆದರೂ ಆ ಕೋಡ್ ಕಂಡ ಗಳಿಗೆಯಲ್ಲೇ ಟರ್ಬೊ ಬೆಲೆ ವಿಚಾರಿಸುವವರಿದ್ದಾರೆ. ಹೊಗೆ ಬಿಟ್ಟು ಪರೀಕ್ಷಿಸಿದರೆ ಚಾರ್ಜ್ ಪೈಪ್, ಇಂಟರ್‌ಕೂಲರ್ ಜೋಡಣೆ, ಡೈವರ್ಟರ್ ವಾಲ್ವ್, ಎಲ್ಲಿಂದ ಸೋರುತ್ತಿದೆಯೋ ಕಾಣುತ್ತದೆ. ಅಲ್ಲಿಲ್ಲವಾದರೆ ವ್ಯಾಕ್ಯೂಮ್ ನೋಡಿ. ಈ ಎಂಜಿನ್‌ನಲ್ಲಿ ವೇಸ್ಟ್‌ಗೇಟ್ ಮುಚ್ಚುವುದು ವ್ಯಾಕ್ಯೂಮ್. ಅದು ಹೋದರೆ ಗೇಟ್ ತೆರೆದೇ ಇರುತ್ತದೆ, ಬೂಸ್ಟ್ ಕಟ್ಟುವುದಿಲ್ಲ. ಎಕ್ಸಾಸ್ಟ್ ಪಕ್ಕದ ಶಾಖಕ್ಕೆ ಸಣ್ಣ ರಬ್ಬರ್ ಪೈಪುಗಳು ಬೆಂದು ಬಿರುಕು ಬಿಡುತ್ತವೆ. ಆ ವ್ಯಾಕ್ಯೂಮ್ ಬಿಡುವ, ತಡೆಯುವ ಎರಡು ಸೊಲೆನಾಯ್ಡ್‌ಗಳೂ ಸೋಲುತ್ತವೆ. ಎಂಜಿನ್ ಮೇಲಿನ ವ್ಯಾಕ್ಯೂಮ್ ಡಬ್ಬಿಯೂ ಸೋರಬಹುದು. ಇವೆಲ್ಲ ದಾಟಿದ ಮೇಲೆ ಟರ್ಬೊ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಎಕ್ಸಿಲರೇಟರ್ ಮೆಲ್ಲಗೆ ಒತ್ತಿ ಬಿಟ್ಟ ಕೂಡಲೇ ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಬಂದರೆ ವೇಸ್ಟ್‌ಗೇಟಿನ ಬುಷ್ ಸವೆದಿದೆ.

ಸೋರುವ ಎಂಜಿನ್‌ಗೆ ಟ್ಯೂನ್ ಹಾಕಿದರೆ ಏನಾಗುತ್ತದೆ? ಕೇಳಿದ ಒತ್ತಡ ತರಲು ಇಸಿಯು ವೇಸ್ಟ್‌ಗೇಟನ್ನು ಇನ್ನೂ ಬಿಗಿಯಾಗಿ ಮುಚ್ಚುತ್ತದೆ. ಟರ್ಬೊ ಇನ್ನೂ ವೇಗವಾಗಿ ಸುತ್ತುತ್ತದೆ, ಗಾಳಿ ಇನ್ನೂ ಕಾಯುತ್ತದೆ, ಕಾದ ಗಾಳಿಗೆ ಟೈಮಿಂಗ್ ಹಿಂದೆ ಸರಿಯುತ್ತದೆ, ಟೈಮಿಂಗ್ ಸರಿದಷ್ಟೂ ಎಕ್ಸಾಸ್ಟ್ ಕಾಯುತ್ತದೆ. ಆ ಶಾಖವೆಲ್ಲ ಎಲ್ಲಿಗೆ ಹೋಗುತ್ತದೆ? ಬಾನೆಟ್ ಕೆಳಗಿರುವ ಅದೇ ರಬ್ಬರ್ ಪೈಪುಗಳಿಗೆ, ಅದೇ ಗ್ಯಾಸ್ಕೆಟಿಗೆ.

ಶಾಖದ ಮಾತು ಬಂದಾಗ ವಾಟರ್ ಪಂಪ್ ಬಿಡಲಾಗದು. ಇದು ಬೆಲ್ಟಿನಿಂದ ತಿರುಗುವ ಪಂಪಲ್ಲ, ಕರೆಂಟಿನದು. ಸೋರಿ ಮುನ್ಸೂಚನೆ ಕೊಡುವ ಸೌಜನ್ಯ ಇದಕ್ಕಿಲ್ಲ, ನಡುದಾರಿಯಲ್ಲಿ ನಿಂತುಬಿಡುತ್ತದೆ. ಹಳದಿ ದೀಪ ಬಂದಾಗಲೇ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು, ಕೆಂಪು ದೀಪದ ತನಕ ಕಾಯಬಾರದು. ಪಂಪ್ ಬದಲಿಸುವಾಗ ಥರ್ಮೋಸ್ಟಾಟ್ ಕೂಡ ಹೊಸದು. ಪಂಪಿನ ಅಲ್ಯೂಮಿನಿಯಮ್ ಬೋಲ್ಟ್‌ಗಳು ಒಂದೇ ಸಲಕ್ಕೆ. ಹಳೆಯದನ್ನು ಮತ್ತೆ ಬಿಗಿದರೆ ತಲೆ ಕಿತ್ತು ಬರುತ್ತದೆ. ಕೂಲಂಟಿನೊಳಗಿನ ಗಾಳಿ ತೆಗೆಯಲು ಎಂಜಿನ್ ಸ್ಟಾರ್ಟ್ ಮಾಡಬೇಕಿಲ್ಲ. ಬ್ಯಾಟರಿಗೆ ಚಾರ್ಜರ್ ಹಾಕಿ, ಇಗ್ನಿಷನ್ ಮಾತ್ರ ಆನ್ ಮಾಡಿ, ಹೀಟರ್ ಗರಿಷ್ಠಕ್ಕೆ, ಫ್ಯಾನ್ ಕನಿಷ್ಠಕ್ಕೆ ಇಟ್ಟು, ಎಕ್ಸಿಲರೇಟರನ್ನು ಹತ್ತು ಸೆಕೆಂಡ್ ಪೂರ್ತಿ ಒತ್ತಿ ಹಿಡಿಯಿರಿ. ಪಂಪ್ ತಾನೇ ಸುಮಾರು 12 ನಿಮಿಷ ತಿರುಗಿ ಗಾಳಿ ಹೊರಹಾಕುತ್ತದೆ. ಮುಗಿದ ಮೇಲೆ ಕೂಲಂಟ್ ಮಟ್ಟ ನೋಡಿ ತುಂಬಿಸಿ.

ಮಿಸ್ಸಿಂಗ್‌ಗೆ ಕಾಯಿಲ್ ಅದಲುಬದಲು ಮಾಡಿ ನೋಡುವುದೇ ದಾರಿ. ಮೂರನೇ ಸಿಲಿಂಡರಿನ 29ಸಿಎಫ್ ಕೋಡ್ ಬಂದಿದ್ದರೆ ಅದರ ಕಾಯಿಲನ್ನು ಐದಕ್ಕೆ ಹಾಕಿ. ಕೋಡ್ ಐದನೆಯದರ 29ಡಿ1 ಆದರೆ ಕಾಯಿಲ್ ಹೋಗಿದೆ, ಮೂರರಲ್ಲೇ ನಿಂತರೆ ಪ್ಲಗ್ ಅಥವಾ ಇಂಜೆಕ್ಟರ್. ಇಂಜೆಕ್ಟರ್ ಹೊಸದಾದರೆ ಅದರ ಮೈಮೇಲಿನ ಸಂಖ್ಯೆಯನ್ನು ಇಸಿಯುಗೆ ಉಣಿಸಲೇಬೇಕು. ಪೆಟ್ರೋಲ್ ನೇರವಾಗಿ ಸಿಲಿಂಡರಿಗೇ ಚಿಮ್ಮುವುದರಿಂದ ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯುವವರಿಲ್ಲ, ಮಸಿ ಕಟ್ಟುತ್ತದೆ; ಅಕ್ರೋಟು ಚಿಪ್ಪಿನ ಪುಡಿ ಊದಿ ತೆಗೆಯಬೇಕು. ಊದುವ ಮುಂಚೆ ಆಯಾ ಸಿಲಿಂಡರಿನ ವಾಲ್ವ್ ಮುಚ್ಚಿದೆಯೇ ಎಂದು ಕ್ರ್ಯಾಂಕ್ ತಿರುಗಿಸಿ ಖಚಿತ ಮಾಡಿಕೊಳ್ಳಿ, ಇಲ್ಲವಾದರೆ ಚಿಪ್ಪೆಲ್ಲ ಪಿಸ್ಟನ್ ಮೇಲೆ. ಹೈ ಪ್ರೆಷರ್ ಪಂಪಿನ ಚರಿತ್ರೆಯನ್ನು ಎದುರು ಪಕ್ಷ ಹಗುರವಾಗಿ ದಾಟಿಸಿದೆ. ಟ್ಯೂನ್ ಇಲ್ಲದ ಗಾಡಿಗಳಲ್ಲೇ ಅದು ಎಷ್ಟು ಕೈಕೊಟ್ಟಿತೆಂದರೆ ಅಮೆರಿಕದಲ್ಲಿ ಕಂಪನಿ ಅದರ ವಾರಂಟಿಯನ್ನು 10 ವರ್ಷ, 1,20,000 ಮೈಲಿಗೆ ಏರಿಸಬೇಕಾಯಿತು.

ಗೇರ್‌ಬಾಕ್ಸ್ ಆಟೊಮ್ಯಾಟಿಕ್ ಆಗಿದ್ದರೆ ಅದರ ಆಯಿಲನ್ನು ಆಜೀವ ಎಂದು ನಂಬಿ ಯಾರೂ ಮುಟ್ಟಿರುವುದಿಲ್ಲ. ಫಿಲ್ಟರ್ ಪ್ಲಾಸ್ಟಿಕ್ ಚೇಂಬರಿನೊಳಗೇ ಇರುವುದರಿಂದ ಚೇಂಬರನ್ನೇ ಬದಲಿಸಬೇಕು. ಎಂಜಿನ್ ಚಾಲೂ ಇದ್ದು ಆಯಿಲಿನ ಶಾಖ 30ರಿಂದ 50 ಡಿಗ್ರಿಯೊಳಗೆ ಇರುವಾಗ ಮಟ್ಟ ನೋಡಬೇಕು. ಇಷ್ಟು ದಾಟಿ ಬಂದ ಶಕ್ತಿ ಸೇರುವುದು ಓಪನ್ ಡಿಫರೆನ್ಷಿಯಲ್‌ಗೆ: ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಕೊಡುವ ಲಿಮಿಟೆಡ್ ಸ್ಲಿಪ್ 335ಐಗೆ ಇಲ್ಲ. ತಿರುವಿನಲ್ಲಿ ಒಳಗಿನ ಚಕ್ರ ಹೊಗೆಯಾಡಿಸುತ್ತದೆ, ಗಾಡಿ ಅಲ್ಲೇ ಇರುತ್ತದೆ. ಕೈಯಲ್ಲಿ ಕಾಸಿದ್ದರೆ ಇದೇ ಸಾಲಿನ ಎಂ3 ಗಾಡಿಯ ಮುಂದಿನ ಸಸ್ಪೆನ್ಷನ್ನಿನ ಅಲ್ಯೂಮಿನಿಯಮ್ ಆರ್ಮ್‌ಗಳು ಇದಕ್ಕೆ ಕೂರುತ್ತವೆ, ಸ್ಟಿಯರಿಂಗ್‌ಗೆ ಜೀವ ಬರುತ್ತದೆ. ಒಳ್ಳೆಯ ಬ್ರೇಕ್ ಪ್ಯಾಡ್, ಹೊಸ ಡಾಟ್ 4 ಬ್ರೇಕ್ ಆಯಿಲ್ ಹಾಕಿಸಿ. ಅದಾದ ಮೇಲೂ ಬೂಸ್ಟ್ ಬೇಕೇ ಬೇಕೆನ್ನುವವರು ಬೆಲ್ಟಿನ ಒಳಮೈ ಮೇಲೆ ಒಂದು ಬಿಳಿ ಬಟ್ಟೆ ಆಡಿಸಿ ನೋಡಲಿ. ಎಂಜಿನ್ ಆಫ್ ಇದ್ದಾಗ.