ಡಬ್ಬದ ಕಂಠಕ್ಕೆ ಬಾರದ ಎಣ್ಣೆ

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲಿನ ಎಣ್ಣೆ ಡಬ್ಬ ಉಂಟು. ನಾನು ಮದುವೆಯಾಗಿ ಈ ಮನೆಗೆ ಬರುವಾಗಲೇ ಇತ್ತು, ಅಂದರೆ ಹದಿನೇಳು ವರ್ಷವಂತೂ ಆಯಿತು. ಒಂದು ಪ್ಯಾಕೆಟ್ ಎಣ್ಣೆ ಸುರಿದರೆ ಸರಿಯಾಗಿ ಕಂಠದ ತನಕ ಬರುತ್ತಿತ್ತು. ಮುಚ್ಚಳ ಹಾಕುವಾಗ ಬೆರಳಿಗೆ ಸ್ವಲ್ಪ ಅಂಟುತ್ತಿತ್ತು ಕೂಡ. ಕಳೆದ ತಿಂಗಳು ಅತ್ತೆ ಪ್ಯಾಕೆಟ್ ಕತ್ತರಿಸಿ ಸುರಿದರು, ಹಿಂಡಿದರು, ಮೂಲೆ ಹಿಡಿದು ಕೊಡವಿದರು, ಮತ್ತೆ ಡಬ್ಬದೊಳಗೆ ಇಣುಕಿ ನನ್ನನ್ನು ಕರೆದರು.

"ಇದೆಂತ ಮಾರಾಯ್ತಿ, ಒಂದು ಬೆರಳು ಕಮ್ಮಿ ಉಂಟಲ್ಲ. ಪ್ಯಾಕೆಟ್ ತೂತಾಗಿತ್ತಾ?"

ತೂತಾಗಿರಲಿಲ್ಲ. ಖಾಲಿ ಪ್ಯಾಕೆಟನ್ನು ಬೆಳಕಿಗೆ ಹಿಡಿದು ನೋಡಿದೆ. ಅದೇ ಬಣ್ಣ, ಅದೇ ಸೂರ್ಯಕಾಂತಿ ಹೂವಿನ ಚಿತ್ರ, ಅಗಲ ಎತ್ತರ ಎಲ್ಲ ಅದೇ. ಕೆಳಗೆ ಮೂಲೆಯಲ್ಲಿ 850 ಗ್ರಾಂ ಅಂತ ಬರೆದಿದೆ. ನಾವು ವರ್ಷಗಟ್ಟಲೆ ತರುತ್ತಿದ್ದದ್ದು ಒಂದು ಲೀಟರಿನದ್ದು, ಅಂದರೆ 910 ಗ್ರಾಂ. ಇಷ್ಟಕ್ಕೂ ಅದನ್ನು ತಂದದ್ದು ನಾನೇ. ಯಾಕೆ ತಂದೆ? 145 ರೂಪಾಯಿ ಇತ್ತು, ಪಕ್ಕದಲ್ಲಿದ್ದ ಬೇರೆ ಕಂಪನಿಯದ್ದು 152. ಏಳು ರೂಪಾಯಿ ಉಳಿಸಿದೆ ಅಂತ ಖುಷಿಯಲ್ಲಿ ಗಾಡಿಗೆ ಹಾಕಿದ್ದೆ. ಪಕ್ಕದ್ದು 910 ಗ್ರಾಂನದ್ದೇ ಆಗಿತ್ತು. ಮನೆಯಲ್ಲಿ ಕೂತು ಮೊಬೈಲಲ್ಲಿ ಭಾಗಿಸಿದರೆ ನನ್ನ 145ರ ಎಣ್ಣೆ ಕೆಜಿಗೆ 170 ರೂಪಾಯಿ 60 ಪೈಸೆ ಬಿತ್ತು. ಜಾಸ್ತಿ ಅಂತ ಬಿಟ್ಟು ಬಂದ 152ರದ್ದು ಕೆಜಿಗೆ 167 ರೂಪಾಯಿ.

ಮೂರೂವರೆ ರೂಪಾಯಿಗೆ ಇಷ್ಟು ದೊಡ್ಡ ಪೋಸ್ಟಾ ಅಂತ ಕೇಳಬಹುದು. ಹೌದು. ಯಾಕಂದ್ರೆ ನನಗೆ ಸಿಟ್ಟು ಬಂದದ್ದು ಮೂರೂವರೆ ರೂಪಾಯಿಗಲ್ಲ. ಉಳಿಸಿದೆ ಅಂತ ನಂಬಿಸಿ ತೆಗೆದುಕೊಂಡರಲ್ಲ, ಅದಕ್ಕೆ.

ಇದು ಕಾನೂನಿನ ಪ್ರಕಾರ ಮೋಸವೂ ಅಲ್ಲ. ಪ್ಯಾಕೆಟ್ ಮೇಲೆ 850 ಅಂತ ಇದೆ, ಒಳಗೆ 850 ಇರುತ್ತದೆ. ಮೊದಲು ಎಣ್ಣೆ, ಬಿಸ್ಕತ್ತು, ಚಾಪುಡಿ, ಕಾಫಿಪುಡಿ ಇಂಥದ್ದಕ್ಕೆಲ್ಲ ಇಂತಿಷ್ಟೇ ಅಳತೆಯಲ್ಲಿ ಪ್ಯಾಕ್ ಮಾಡಬೇಕು ಅಂತ ನಿಯಮ ಇತ್ತು. ಹಾಗಾಗಿ ಎಣ್ಣೆ ಅಂದರೆ ಅರ್ಧ ಲೀಟರ್, ಒಂದು ಲೀಟರ್, ಎರಡು, ಐದು. 2021ರ ನವೆಂಬರಿನಲ್ಲಿ ತಂದ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಅದರ ಬದಲಿಗೆ ಪ್ರತಿ ಪ್ಯಾಕೆಟ್ ಮೇಲೆ ಗ್ರಾಮಿಗೆ ಅಥವಾ ಕೆಜಿಗೆ ಎಷ್ಟು ಬೀಳುತ್ತದೆ ಅಂತ ಅಚ್ಚು ಹಾಕಬೇಕು ಅಂದರು. ಎಷ್ಟು ಬೇಕಾದರೂ ತುಂಬಿಸಿ, ಆದರೆ ರೇಟು ಹೇಳಿ ಅಂತ. ಕೇಳಲಿಕ್ಕೆ ನ್ಯಾಯವಾಗಿಯೇ ಉಂಟು. ನಾನೂ ಹಾಗೇ ಅಂದುಕೊಂಡಿದ್ದೆ.

ಮುಂದಿನ ವಾರ ಕನ್ನಡಕ ಹಾಕಿಕೊಂಡು ಅಂಗಡಿಗೆ ಹೋದೆ. ಎರಡೂ ಪ್ಯಾಕೆಟ್ ಕೈಯಲ್ಲಿ ಹಿಡಿದೆ. 850 ಗ್ರಾಂನದ್ದರ ಎಂಆರ್‌ಪಿ 170, ಗ್ರಾಮಿಗೆ 0.20 ರೂಪಾಯಿ. 910 ಗ್ರಾಂನದ್ದರ ಎಂಆರ್‌ಪಿ 178, ಗ್ರಾಮಿಗೆ 0.20 ರೂಪಾಯಿ. ಎರಡೂ ಒಂದೇ! ಲೆಕ್ಕ ಹಾಕಿ ನೋಡಿ, ಮೊದಲನೆಯದು ಕೆಜಿಗೆ 200, ಎರಡನೆಯದು 195 ರೂಪಾಯಿ 60 ಪೈಸೆ. ಮತ್ತೆ ಒಂದೇ ಹೇಗಾಯಿತು ಅಂದರೆ, ಒಂದು ಕೆಜಿಗಿಂತ ಕಮ್ಮಿ ಇದ್ದರೆ ಗ್ರಾಮಿನ ಲೆಕ್ಕದಲ್ಲೇ ಬರೆಯಬೇಕು, ಪೈಸೆಗೆ ಸರಿಹೊಂದಿಸಿ ಎರಡೇ ದಶಾಂಶದಲ್ಲಿ ಬರೆಯಬೇಕು. ಗ್ರಾಮಿಗೆ 20 ಪೈಸೆ ಅಂದರೆ ಕೆಜಿಗೆ 195 ರೂಪಾಯಿಯೂ ಆಗಬಹುದು, 204 ರೂಪಾಯಿಯೂ ಆಗಬಹುದು. ಮಧ್ಯದ ಒಂಬತ್ತು ರೂಪಾಯಿ ಎಲ್ಲಿ ಹೋಯಿತು ಅಂತ ಕೇಳಿದರೆ ಅದು ದಶಾಂಶದ ಹಿಂದೆ ಅಡಗಿ ಕೂತಿದೆ. ಅದೂ ಎಂಆರ್‌ಪಿಯ ಮೇಲಿನ ಲೆಕ್ಕ. ಎಣ್ಣೆಯನ್ನು ಎಂಆರ್‌ಪಿಗೆ ತೆಗೆದುಕೊಳ್ಳುವವರು ಯಾರು? ನಾವು ಕೊಡುವ 145ಕ್ಕೂ ಅಲ್ಲಿ ಅಚ್ಚಾದ ಅಂಕೆಗೂ ಸಂಬಂಧವೇ ಇಲ್ಲ.

ಒಟ್ಟಿನಲ್ಲಿ ನನಗೆ ಸರ್ಕಾರದ ಅಂಕೆಗಿಂತ ಅತ್ತೆಯ ಡಬ್ಬವೇ ವಾಸಿ.

ಎಣ್ಣೆಯ ವಿಷಯ ಬಂತು ಅಂತ ಇನ್ನೊಂದು ಹೇಳಿಬಿಡ್ತೇನೆ, ಇದು ನನಗೆ ಓದಿ ನಗು ಬಂದದ್ದು. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ ಅಲ್ವಾ. ಕೆಲವು ಕಂಪನಿಗಳು ಪ್ಯಾಕೆಟ್ ಮೇಲೆ ಲೀಟರ್ ಲೆಕ್ಕ ಬರೆದು ಪಕ್ಕದಲ್ಲಿ ಸಣ್ಣದಾಗಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂತ ಹಾಕುತ್ತಿದ್ದವು. ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ ಸುಮಾರು 892 ಗ್ರಾಂ. ಅಷ್ಟು ತುಂಬಿಸಿದರೂ ಲೀಟರ್ ಅಂತ ಹೇಳಬಹುದು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಈ ಡಿಗ್ರಿ ಆಟ ಬಿಡಿ, ತೂಕ ಸರಿಯಾಗಿ ಬರೆಯಿರಿ ಅಂತ ಹೇಳಬೇಕಾಯಿತು. ಮಂಗಳೂರಿನ ಮೇ ತಿಂಗಳಲ್ಲಿ ಕರೆಂಟ್ ಹೋದ ಮಧ್ಯಾಹ್ನವೂ ನಮ್ಮ ಅಡುಗೆಮನೆ 60 ಡಿಗ್ರಿಗೆ ಹೋಗುವುದಿಲ್ಲ ಮಾರಾಯ್ರೆ.

ತೆಂಗಿನೆಣ್ಣೆಯದ್ದು ಬೇರೆಯೇ ಕಥೆ. ನಮ್ಮಲ್ಲಿ ಮಿಲ್ಲಿನಿಂದ ತರುವವರು ಜಾಸ್ತಿ. ಒಂದು ಮಿಲ್ಲಿನಲ್ಲಿ ಲೀಟರಿಗೆ 420, ಇನ್ನೊಂದರಲ್ಲಿ ಕೆಜಿಗೆ 450. ನನ್ನ ನಾದಿನಿ 420ರ ಕಡೆ ಹೋಗುತ್ತಾಳೆ. ಲೀಟರ್ ಎಣ್ಣೆ ಅಂದರೆ ಕೆಜಿ ಆಗುವುದಿಲ್ಲ, 920 ಗ್ರಾಂ ಆಸುಪಾಸು ಅಷ್ಟೆ. ಕೆಜಿ ಲೆಕ್ಕಕ್ಕೆ ತಂದರೆ ಅವಳದ್ದು 456 ಆಗುತ್ತದೆ. ಹೇಳಿದೆ. "ಆಯ್ತು ಅತ್ತಿಗೆ, ಆದ್ರೆ ಆ ಮಿಲ್ಲಿನದ್ದು ಪರಿಮಳ ಉಂಟು" ಅಂದಳು. ಪರಿಮಳಕ್ಕೆ ಆರು ರೂಪಾಯಿ ಕೊಡುವುದಾದರೆ ನನ್ನ ತಕರಾರಿಲ್ಲ, ಗೊತ್ತಿದ್ದು ಕೊಡುವುದಲ್ವಾ.

ಗೊತ್ತಿದ್ದು ಕೊಡುವುದು ಅಂದೆನಲ್ಲ, ಹಾಲು ನೋಡಿ. 2024ರ ಜೂನಿನಲ್ಲಿ ನಂದಿನಿಯ ಅರ್ಧ ಲೀಟರ್ ಪ್ಯಾಕೆಟಿಗೆ 50 ಮಿಲಿ ಸೇರಿಸಿ 550 ಮಾಡಿ, 22 ಇದ್ದದ್ದನ್ನು 24 ಮಾಡಿದರು. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ವಾಪಸ್ ಹೋಯಿತು, 24 ಹಾಗೇ ಉಳಿಯಿತು. ಜನ ಬೈದರು, ಪೇಪರಿನಲ್ಲಿ ಬಂತು, ಟೀವಿಯಲ್ಲಿ ಚರ್ಚೆ ಆಯಿತು. ನನಗೂ ಬೇಜಾರಾಯಿತು, ಚಾ ದಿನಕ್ಕೆ ನಾಲ್ಕು ಸಲ ಆಗುವ ಮನೆ ನಮ್ಮದು. ಆದರೆ ಹೇಳಿ ಮಾಡಿದರು. ಬೈಯಲಿಕ್ಕೆ ನಮಗೊಂದು ದಿನ, ಒಂದು ತಾರೀಕು ಸಿಕ್ಕಿತು. ಬಿಸ್ಕತ್ತಿನ ಪ್ಯಾಕೆಟ್ ಯಾವ ದಿನ ಸಣ್ಣದಾಯಿತು ಅಂತ ನಿಮಗೆ ಯಾರಿಗಾದರೂ ಗೊತ್ತುಂಟಾ?

ತರಕಾರಿಯವರು ಇತ್ತೀಚೆಗೆ ಕಲಿತ ಬುದ್ಧಿ ಒಂದು ಉಂಟು. ಬೋರ್ಡಿನಲ್ಲಿ ಗೇಣುದ್ದಕ್ಕೆ 20 ಅಂತ ಬರೆಯುವುದು, ಅದರ ಕಾಲಡಿಯಲ್ಲಿ ಇರುವೆಯಷ್ಟು ಸಣ್ಣದಾಗಿ ಕಾಲು ಕೆಜಿ ಅಂತ. ಅಲಸಂಡೆ 20 ರೂಪಾಯಿಯಾ ಅಂತ ಸ್ಕೂಟರ್ ನಿಲ್ಲಿಸಿ ಒಂದು ಕೆಜಿ ತೂಗಿಸಿದರೆ 80. ಆಗ ಬೇಡ ಅನ್ನಲಿಕ್ಕೆ ನಾಚಿಕೆ. ನನಗೀಗ ಅಭ್ಯಾಸ ಆಗಿದೆ, ನೋಡಿದ ರೇಟನ್ನು ಮನಸ್ಸಿನಲ್ಲೇ ನಾಲ್ಕರಿಂದ ಗುಣಿಸಿ ಮತ್ತೆ ಬ್ರೇಕ್ ಹಾಕುವುದು.

ಸೂಪರ್‌ ಮಾರ್ಕೆಟಿನಲ್ಲಿ ಕಪಾಟಿನ ಚೀಟಿಯದ್ದು ಇನ್ನೊಂದು. ಉದ್ದಿನಬೇಳೆ ಅರ್ಧ ಕೆಜಿ 62 ಅಂತ ಚೀಟಿ, ಬಿಲ್ಲಿನಲ್ಲಿ 71. ಕೌಂಟರಿನ ಹುಡುಗಿ ಪಾಪ, "ಅದು ಹಳೆ ರೇಟ್ ಆಂಟಿ, ಚೀಟಿ ತೆಗಿಲಿಕ್ಕೆ ಮರ್ತು ಹೋಗಿದೆ" ಅಂದಳು. ಅವಳ ಮೇಲೆ ಸಿಟ್ಟಿಲ್ಲ, ಅವಳಿಗೆ ಕೂರಲಿಕ್ಕೂ ಒಂದು ಸ್ಟೂಲ್ ಕೊಟ್ಟಿಲ್ಲ. ಆದರೆ ಈ ಮರೆವು ಯಾವಾಗಲೂ ಒಂದೇ ಕಡೆಗೆ ವಾಲುವುದು ಹೇಗೆ? ಚೀಟಿಯಲ್ಲಿ ಜಾಸ್ತಿ ಇದ್ದು ಬಿಲ್ಲಿನಲ್ಲಿ ಕಮ್ಮಿ ಬಂದದ್ದು ನನಗೆ ಒಮ್ಮೆ ಮಾತ್ರ ನೆನಪುಂಟು, ಅದೂ ತಾರೀಕು ಮುಗಿಯಲಿಕ್ಕೆ ಬಂದ ಗೋಧಿಹಿಟ್ಟಿಗೆ. ಈಗ ಕಪಾಟಿನ ಚೀಟಿಯ ಫೋಟೋ ತೆಗೆದುಕೊಂಡೇ ಹೋಗ್ತೇನೆ. ಫೋಟೋ ತೋರಿಸಿದರೆ ಆ ರೇಟಿಗೇ ಕೊಡುತ್ತಾರೆ, ಹಿಂದೆ ನಿಂತವರು ಮಾತ್ರ ಕಣ್ಣು ಬಿಡುತ್ತಾರೆ. ಬಿಡಲಿ. ಕೊಡದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

"ಎಂಆರ್‌ಪಿ ಮೇಲೆ 50% ಕಡಿತ" ಅನ್ನುವುದಂತೂ ನನಗೆ ಜೋಕ್. ಎಂಆರ್‌ಪಿ ಹಾಕುವುದು ಕಂಪನಿಯೇ. ಮೊದಲು ಸ್ಥಳೀಯ ತೆರಿಗೆ ಪ್ರತ್ಯೇಕ ಅಂತ ಬರೆದು ಅಂಗಡಿಯವರು ಮನಸ್ಸಿಗೆ ಬಂದಷ್ಟು ಸೇರಿಸುತ್ತಿದ್ದರು, ಅದನ್ನು ತಡೆಯಲಿಕ್ಕೆ 1990ರ ಹೊತ್ತಿಗೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಅಂತ ಬಂತು. ಅದಕ್ಕಿಂತ ಜಾಸ್ತಿ ಮಾರಬಾರದು ಅಂತ ಉಂಟು. ಆದರೆ ಅದೇ ಎಷ್ಟಿರಬೇಕು ಅಂತ ಹೆಚ್ಚಿನ ಸಾಮಾನಿಗೆ ಯಾರೂ ಹೇಳಿಲ್ಲ. ಹಾಗಾಗಿ ಗೋಡಂಬಿ ಪ್ಯಾಕೆಟ್ ಮೇಲೆ 900 ಅಂತ ಅಚ್ಚು ಹಾಕಿ 450ಕ್ಕೆ ಕೊಡುವುದು. ಅಷ್ಟೇ ಗೋಡಂಬಿ ಬಿಡಿಯಾಗಿ ಎದುರಿನ ಅಂಗಡಿಯಲ್ಲಿ 430ಕ್ಕೆ ಸಿಗುತ್ತದೆ, ಯಾವ ಕಡಿತದ ಗದ್ದಲವೂ ಇಲ್ಲದೆ.

ಕುಚ್ಚಲಕ್ಕಿ ಚೀಲದ ಮೇಲೆ 26 ಕೆಜಿ ಅಂತ ನೋಡಿದ್ದೀರಲ್ಲ. ಇದೆಂತ ಲೆಕ್ಕ 26 ಅಂತ ಮೊದಲ ಸಲ ನೋಡಿದಾಗ ನನಗೂ ಅನಿಸಿತ್ತು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ 25 ಕೆಜಿಯ ತನಕ 5% ಜಿಎಸ್‌ಟಿ ಬಂತು, ಅದಕ್ಕಿಂತ ಮೇಲೆ ಇಲ್ಲ. ಮಿಲ್ಲಿನವರು ಒಂದು ಕೆಜಿ ಜಾಸ್ತಿ ತುಂಬಿಸಿ ತೆರಿಗೆ ತಪ್ಪಿಸಿದರು. ಜಾಣತನವೇ, ನಮಗೂ ಲಾಭವೇ. ಕಷ್ಟ ಬರುವುದು ಹೋಲಿಸುವಾಗ. ಪಕ್ಕದ ಮನೆಯವರು 1,390ಕ್ಕೆ ಸಿಕ್ಕಿತು, ನೀವು 1,430 ಕೊಟ್ಟು ತಂದದ್ದಾ ಅಂತ ಕೇಳಿದರು, ಆ ದನಿಯಲ್ಲಿ ಸ್ವಲ್ಪ ಕನಿಕರವೂ ಇತ್ತು. ಅವರದ್ದು 25 ಕೆಜಿ, ನಮ್ಮದು 26. ಅವರಿಗೆ ಕೆಜಿಗೆ 55 ರೂಪಾಯಿ 60 ಪೈಸೆ, ನಮಗೆ ಸರಿಯಾಗಿ 55. ಹೇಳಲಿಲ್ಲ. ನೆರೆಮನೆ, ಬಸಳೆ ಕೊಡ್ತಾರೆ. ಅತ್ತೆ ಮಾತ್ರ, ನಮ್ಮ ಕಾಲದಲ್ಲಿ ಒಂದು ಮುಡಿ ಅಕ್ಕಿ ಅಂದರೆ 42 ಸೇರು, ಯಾರ ಮನೆಯ ಮುಡಿಯಾದರೂ 42 ಸೇರೇ, ಅಂದರು.

ಈಗ ಮೀನು. ಮೀನು ಮಾರ್ಕೆಟಿನಲ್ಲಿ ಮೋಸ, ಅಲ್ಲಿ ರೇಟೇ ಇಲ್ಲ, ಬಾಯಿಗೆ ಬಂದಷ್ಟು ಹೇಳ್ತಾರೆ ಅಂತ ನಮ್ಮ ಆಫೀಸಿನಲ್ಲಿ ಆಪ್‌ನಲ್ಲಿ ತರಿಸುವವರೆಲ್ಲ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಉರ್ವ ಮಾರ್ಕೆಟಿಗೆ ಹೋದರೆ ಮೀನಿನ ಅಕ್ಕ ಬಂಗುಡೆ ಎದುರಿಗೇ ರಾಶಿ ಹಾಕಿರುತ್ತಾರೆ. ಹೋದ ವಾರ ನೂರಕ್ಕೆ ಆರು, ಈ ವಾರ ನೂರಕ್ಕೆ ನಾಲ್ಕು. ಯಾಕಕ್ಕ ಅಂದರೆ ಬೋಟಿಗೆ ಮೀನೇ ಸಿಗಲಿಲ್ಲ ಅಂತಾರೆ. ಜೂನ್, ಜುಲೈಯಲ್ಲಿ 61 ದಿನ ಬೋಟುಗಳಿಗೆ ರಜೆ, ಆಗ ರೇಟು ಕೇಳಲಿಕ್ಕೇ ಹೋಗುವುದಿಲ್ಲ, ಒಣಮೀನಿನ ಚಟ್ನಿ, ಸೌತೆಕಾಯಿ ಕೊದ್ದೆಲಲ್ಲೇ ಸುಧಾರಿಸುತ್ತೇವೆ. ಆರು ನಾಲ್ಕಾದದ್ದು ಕಣ್ಣಿಗೆ ಕಾಣುತ್ತದೆ. ನಾನು ಚೌಕಾಸಿ ಮಾಡುತ್ತೇನೆ, ಅವರು ಬೈಯುತ್ತಾರೆ, ಕೊನೆಗೆ ಐದು ಹಾಕುತ್ತಾರೆ. ಐದನೆಯದು ಸ್ವಲ್ಪ ಸಣ್ಣದು, ಅದೂ ನನಗೆ ಕಾಣುತ್ತದೆ. ಮೇಲೆ ಒಳ್ಳೆಯದಿಟ್ಟು ಅಡಿಯಲ್ಲಿ ನಿನ್ನೆಯದು ಇಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಕಿವಿರು ಎತ್ತಿ ನೋಡಿದರೆ ಮುಗಿಯಿತು. ಆ ಎಣ್ಣೆ ಪ್ಯಾಕೆಟಿಗೆ ಕಿವಿರು ಎಲ್ಲಿ?

ಆಪ್‌ನಲ್ಲಿ ಸಿಗಡಿ ಸುಲಿದದ್ದು ಕೆಜಿಗೆ 800, ಮಾರ್ಕೆಟಿನಲ್ಲಿ ಇಡೀ ಸಿಗಡಿ 380. ಎಷ್ಟು ವ್ಯತ್ಯಾಸ ಅಂತ ಒಮ್ಮೆ ಆಪನ್ನು ಬೈದು ಮಾರ್ಕೆಟಿನಿಂದ ಒಂದು ಕೆಜಿ ತಂದೆ. ಮುಕ್ಕಾಲು ಗಂಟೆ ಕೂತು ತಲೆ, ಸಿಪ್ಪೆ, ನರ ತೆಗೆದು ಅಡುಗೆಮನೆಯ ತಕ್ಕಡಿಗೆ ಹಾಕಿದರೆ 470 ಗ್ರಾಂ. ಲೆಕ್ಕ ಹಾಕಿದೆ, ಕೆಜಿಗೆ 808 ಬಿತ್ತು. ಆಪಿನದ್ದೇ ಎಂಟು ರೂಪಾಯಿ ಕಮ್ಮಿ, ಕೈಗೆ ಮುಳ್ಳು ಚುಚ್ಚಿದ್ದು ಬೇರೆ. ಇಲ್ಲಿ ನನ್ನ ವಾದ ಸೋತಿತು, ಒಪ್ಪಿಕೊಳ್ತೇನೆ. ಆದರೆ ಅದೇ ಆಪ್‌ನಲ್ಲಿ ಬಂಗುಡೆಗೆ ಕ್ಲೀನ್ ಮಾಡುವ ಮೊದಲಿನ ತೂಕ ದಪ್ಪ ಅಕ್ಷರದಲ್ಲಿ, ಮಾಡಿದ ಮೇಲಿನದ್ದು ತೆಳು ಬೂದು ಬಣ್ಣದಲ್ಲಿ. ಒಂದು ಕೆಜಿ ತರಿಸಿ ಪುಳಿಮುಂಚಿಗೆ ಹಾಕಿದರೆ ಐದು ಜನಕ್ಕೆ ಸಾಕಾಗಬೇಕಿತ್ತು, ಕೊನೆಗೆ ಕೂತ ನನಗೆ ಬರೀ ಗಸಿ. ಅವತ್ತೂ ಅತ್ತೆಯೇ ಕಂಡುಹಿಡಿದದ್ದು, ಬಾಣಲೆ ತುಂಬಲಿಲ್ಲವಲ್ಲ ಅಂತ.

ಅಂಗಡಿಯವರಿಗೆ ನಾನು ಕೇಳುವುದು ಇಷ್ಟೇ. ಚೀಟಿಯಲ್ಲಿ ನೀವು ಮಾರುವ ರೇಟಿಗೆ ಕೆಜಿಗೆ ಎಷ್ಟು, ಲೀಟರಿಗೆ ಎಷ್ಟು ಅಂತ ಬರೆಯಿರಿ, ಆ ಅಂಕೆ ದೊಡ್ಡದಿರಲಿ. ಆಫರ್, ಕಡಿತ, ನಕ್ಷತ್ರ, ಹೂವು ಎಲ್ಲ ಆಮೇಲೆ ಎಷ್ಟು ಬೇಕಾದರೂ ಅಂಟಿಸಿ. ಇಷ್ಟು ಬರೆಯಲಿಕ್ಕೆ ಕಂಪ್ಯೂಟರಿಗೆ ಒಂದು ಸೆಕೆಂಡೂ ಬೇಡ.

ಅತ್ತೆ ಮೊನ್ನೆ ಮಗಳ ನೈಲ್ ಪಾಲಿಶ್ ತೆಗೆದುಕೊಂಡು ಎಣ್ಣೆ ಡಬ್ಬದ ಒಳಗೋಡೆಯಲ್ಲಿ ಗೆರೆ ಹಾಕಲಿಕ್ಕೆ ಹೊರಟಿದ್ದರು, ಎಣ್ಣೆಗೆ ಬಣ್ಣ ಬಿಡ್ತದೆ ಅಂತ ಬೇಡಿ ತಪ್ಪಿಸಿದೆ. ಈಗ ಹೊರಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಅದನ್ನು ಮುಟ್ಟಬಾರದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿ ಆಗಿದೆ.

ಅಂದ ಹಾಗೆ, ಉಡುಪಿ ಕಡೆಯವರು ಹೇಳಿ, ನಿಮ್ಮಲ್ಲಿ ಈಗ ಕುಚ್ಚಲಕ್ಕಿಗೆ ಎಷ್ಟು? ಚೀಲಕ್ಕೆ ಅಲ್ಲ, ಕೆಜಿಗೆ.