ಹೆಂಡತಿ ಹೆಸರಿನ 17 ಸರ್ಟಿಫಿಕೇಟು

ನಾನು ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಓದಿದ್ದು ಬಿ.ಕಾಂ. ಆದರೂ 2020ರ ಕೊರೊನಾ ಬೇಸಿಗೆಯಲ್ಲಿ ವೆಂಟಿಲೇಟರ್ ನಿರ್ವಹಣೆ, ಸೋಂಕು ನಿಯಂತ್ರಣ, ಗಂಟಲ ದ್ರವ ತೆಗೆಯುವುದು, ಎಲ್ಲದರಲ್ಲೂ ತರಬೇತಿ ಮುಗಿಸಿದೆ. 17 ಸರ್ಟಿಫಿಕೇಟು ಬಂದವು. ಒಂದರಲ್ಲೂ ನನ್ನ ಹೆಸರಿಲ್ಲ, ಅಷ್ಟೇ. ಎಲ್ಲವೂ ಹೆಂಡತಿಯ ಹೆಸರಲ್ಲಿವೆ.

ಅವಳು ಸ್ಟಾಫ್ ನರ್ಸ್. ಯಾವ ಆಸ್ಪತ್ರೆ ಅಂತ ಕೇಳಬೇಡಿ. ಆಗ ನಮ್ಮ ಮನೆಗೆ ಬರುತ್ತಿದ್ದ ಸಂಬಳ ಅದೊಂದೇ.

ಮಾರ್ಚ್ 22ರ ಸಂಜೆ 5 ಗಂಟೆಗೆ ಹನುಮಂತನಗರದ ನಮ್ಮ ಬೀದಿಯವರೆಲ್ಲ ತಟ್ಟೆ ಬಡಿದರು. ಅವಳಂಥವರಿಗಾಗಿಯೇ ಬಡಿದದ್ದು. ಅವಳು ಡ್ಯೂಟಿಯಲ್ಲಿದ್ದಳು, ಕೇಳಿಸಲಿಲ್ಲ. ಆನ್‌ಲೈನ್ ತರಬೇತಿಯ ವೆಬಿನಾರ್‌ಗಳದ್ದೂ ಅದೇ ಕಥೆ. ಅವಳಿಗಾಗಿ ನಡೆಯುತ್ತವೆ, ಅವಳು ವಾರ್ಡಿನಲ್ಲಿರುವ ಹೊತ್ತಿಗೆ. ಹಾಜರಿ ಕಡ್ಡಾಯ. ಅಂಗಡಿ ಮುಚ್ಚಿತ್ತು, ನಾನು ಖಾಲಿ ಕೂತಿದ್ದೆ. "ರೀ, ಇದೊಂದು ನೋಡ್ಕೊಳ್ಳಿ" ಅಂದಳು. ಹಾಗೆ ಶುರುವಾಯಿತು ನನ್ನ ವೈದ್ಯಕೀಯ ವಿದ್ಯಾಭ್ಯಾಸ.

ಕಲಿಕೆ ಬೇಡ ಅಂತಲ್ಲ. ಕಾಯಿಲೆ ಹೊಸದು, ಕಲಿಯಲೇಬೇಕು. ಕೇಂದ್ರ ಸರ್ಕಾರ ಏಪ್ರಿಲ್‌ನಲ್ಲೇ ದೀಕ್ಷಾ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ ಕೋರ್ಸುಗಳನ್ನು ತಂದಿತು. ಡಾಕ್ಟರುಗಳಿಗಂತೂ ಐದು ವರ್ಷಕ್ಕೆ 30 ಗಂಟೆ ಇಂಥ ಕಲಿಕೆ ಬೇಕೆಂದು 2002ರ ನಿಯಮವೇ ಇದೆ. ನಾನು ಎರಡೇ ತಿಂಗಳಲ್ಲಿ 30 ದಾಟಿದೆ.

ಪಿಪಿಇ ಕಿಟ್ ತೊಡುವ, ಬಿಚ್ಚುವ ಪಾಠದ ದಿನವನ್ನು ಮರೆಯಲಾರೆ. ಮೊದಲು ದೀಪ ಬೆಳಗುವ ವಿಡಿಯೊ. ಆಮೇಲೆ ಪ್ರಾರ್ಥನೆ. ಸ್ವಾಗತ ಭಾಷಣ ಮಾಡಿದವರು ಏಳು ನಿಮಿಷ ಮ್ಯೂಟಿನಲ್ಲೇ ಮಾತಾಡಿದರು, ಅದೇ ಆವತ್ತಿನ ಒಳ್ಳೆ ಭಾಷಣ. ಯಾರದೋ ಮನೆಯ ಕುಕ್ಕರ್ ಮೂರು ಸಲ ಕೂಗಿತು. ಕೊನೆಗೆ ಸ್ಲೈಡ್‌ಗಳು ಬಂದವು. ಒಬ್ಬರು ಅದರಲ್ಲಿರುವುದನ್ನೇ ಓದಿದರು. ಸೋಪಿನಲ್ಲಿ 40ರಿಂದ 60 ಸೆಕೆಂಡ್ ಕೈ ತೊಳೆಯಬೇಕು ಅನ್ನುವುದು ನನ್ನ ತಲೆಗೆ ಹತ್ತಿತು. ಮನೆಯಲ್ಲಿ ಹಾಗೆ ತೊಳೆಯಲು ನಿಂತರೆ ಅಮ್ಮ ಬಿಡುವುದಿಲ್ಲ. ಕಾವೇರಿ ನೀರು ದಿನಾ ಬರುತ್ತಾ?

ಕೊನೆಗೆ ಪರೀಕ್ಷೆ. ಐದು ಪ್ರಶ್ನೆ. ತಪ್ಪಾದರೆ ಮತ್ತೆ ಒತ್ತಬಹುದು, ಸರಿಯಾಗುವ ತನಕ. ಅದಾದ ಮೇಲೆ ಅಭಿಪ್ರಾಯದ ಫಾರಂ. 'ಉತ್ತಮ', 'ಅತ್ಯುತ್ತಮ', 'ಅದ್ಭುತ', ಮೂರರಲ್ಲಿ ಒಂದನ್ನು ಆರಿಸಬೇಕು. ಆರಿಸುವ ಮೊದಲೇ ಸರ್ಟಿಫಿಕೇಟು ಬಂದಿತ್ತು, ಐದು ಸಹಿ ಸಮೇತ.

ನಿಜವಾದ ಪಾಠ ಅವಳಿಗೆ ಸಿಕ್ಕಿದ್ದು ನೈಟ್ ಡ್ಯೂಟಿಯಲ್ಲಿ. ಹಿರಿಯ ಸಿಸ್ಟರ್ ಒಬ್ಬರು ಕಾರಿಡಾರಿನಲ್ಲಿ ನಿಂತು ಹತ್ತು ನಿಮಿಷದಲ್ಲಿ ತೋರಿಸಿಕೊಟ್ಟರಂತೆ. ತೊಡುವಾಗಿನದಕ್ಕಿಂತ ಬಿಚ್ಚುವಾಗ ಜಾಸ್ತಿ ಹುಷಾರಾಗಿರಬೇಕು. ಹೊರಮೈ ಮುಟ್ಟಬಾರದು. ಒಂದೊಂದು ಬಿಚ್ಚಿದಾಗಲೂ ಕೈ ಶುಚಿ ಮಾಡಬೇಕು. ಮಾಸ್ಕ್ ಕೊನೆಗೆ, ಅದೂ ಆಚೆ ಬಂದ ಮೇಲೆ. ಅಭ್ಯಾಸಕ್ಕೆ ಕಿಟ್ ಇರಲಿಲ್ಲ. ತಮ್ಮ ರೇನ್‌ಕೋಟನ್ನೇ ಹಾಕಿ, ಬಿಚ್ಚಿ, ಎಲ್ಲರಿಂದಲೂ ಮಾಡಿಸಿದರು.

ಆ ಸಿಸ್ಟರಿಗೆ ಆಮೇಲೆ ಮೆಮೊ ಬಂತು. ಸರ್ಟಿಫಿಕೇಟು ನಾಲ್ಕೇ ಇವೆ, ಕಲಿಕೆಯಲ್ಲಿ ಆಸಕ್ತಿ ಸಾಲದು ಅಂತ. ಪಾಪ, ಅವರ ಮನೆಯಲ್ಲಿ ಖಾಲಿ ಕೂತ ಬಿ.ಕಾಂ. ಗಂಡನಿಲ್ಲ.

ನನಗೂ ಕಷ್ಟದ ದಿನ ಬಂತು. ಹೊಸ ಸುತ್ತೋಲೆ: ಕ್ಯಾಮೆರಾ ಆನ್ ಇರಲೇಬೇಕು. ವಿಷಯ 'ಆರೋಗ್ಯ ಸಿಬ್ಬಂದಿಗೆ ವಿಶ್ರಾಂತಿಯ ಮಹತ್ವ', ಬೆಳಿಗ್ಗೆ 10ಕ್ಕೆ. ಅವಳು ನೈಟ್ ಮುಗಿಸಿ 9ಕ್ಕೆ ಬಂದಿದ್ದಳು, ಮೂಗಿನ ಮೇಲೆ ಮಾಸ್ಕಿನ ಗಾಯ. ಸ್ನಾನ ಮಾಡಿ ಬಿದ್ದುಕೊಂಡಳು. ಎಬ್ಬಿಸುವ ಮನಸ್ಸಾಗಲಿಲ್ಲ. ಕಿಟ್ ಒಳಗೆ ಯಾರಿದ್ದಾರೆ ಅಂತ ಗೊತ್ತಾಗದೆ ವಾರ್ಡಿನಲ್ಲಿ ಮೈಮೇಲೆ ಮಾರ್ಕರಿನಿಂದ ಹೆಸರು ಬರೆದುಕೊಳ್ಳುತ್ತಾರೆ ಅಂದಿದ್ದಳಲ್ಲ, ಅದು ನೆನಪಾಯಿತು. ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ, ಮೀಸೆ ಮುಚ್ಚುವಂತೆ ಮಾಸ್ಕ್. ನನ್ನ ಹಳೇ ಬಿಳಿ ಅಂಗಿಯ ಎದೆ ಮೇಲೆ ಅವಳ ಹೆಸರು.

"ಸಿಸ್ಟರ್, ಮನೇಲೂ ಮಾಸ್ಕಾ! ಎಲ್ಲರೂ ಇವರನ್ನ ನೋಡಿ ಕಲೀರಿ" ಅಂದರು ಉಪನ್ಯಾಸಕರು.

ಒಳಕೋಣೆಯಿಂದ ಗೊರಕೆ ಕೇಳಿಸಿತು. ಮೆಲ್ಲಗೆ ಮ್ಯೂಟ್ ಒತ್ತಿದೆ.