ಅತ್ತೆಯ ಪಿ.ಎಫ್. ನಿಂತಿತು, ನನ್ನದು ಬೆಳೆಯಿತು

ಮೊಮ್ಮಕ್ಕಳನ್ನು ನೋಡಿಕೊಳ್ಳುವ ವರ್ಷಗಳು ಅಜ್ಜಿಯ ಪಿಂಚಣಿಗೆ ಸೇರಬೇಕು ಎಂದಾಗಲೆಲ್ಲ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಬಳಗದಲ್ಲಿ ಯಾರಾದರೊಬ್ಬರು (ಹೆಚ್ಚಾಗಿ ಗಂಡಸರೇ) ‘ಪ್ರೀತಿಗೂ ಸಂಬಳವೇ?’ ಎಂದು ಮುಖ ಸಿಂಡರಿಸುತ್ತಾರೆ. ಸಂಬಳ ಯಾರು ಕೇಳಿದರು?

ನಮ್ಮ ಅತ್ತೆ ಬೆಳ್ತಂಗಡಿ ಕಡೆಯವರು, ಬೀಡಿ ಕಟ್ಟುತ್ತಿದ್ದರು. ಬೀಡಿ ಕಟ್ಟುವವರಿಗೂ ಪಿ.ಎಫ್. ಇದೆ ಎಂಬುದೇ ಇಲ್ಲಿ ಅನೇಕರಿಗೆ ಹೊಸ ಸುದ್ದಿ. ನನ್ನ 26 ವಾರಗಳ ಹೆರಿಗೆ ರಜೆ ಮುಗಿಯುತ್ತ ಬಂದಾಗ ಅವರು ಗೆರಸೆ, ಕತ್ತರಿ ಎತ್ತಿಟ್ಟು ಮತ್ಸ್ಯಗಂಧಾ ರೈಲು ಹತ್ತಿದರು. ಆಗ ಅವರಿಗಿನ್ನೂ ಐವತ್ತು ದಾಟಿರಲಿಲ್ಲ. ಅಲ್ಲಿಗೆ ಅವರ ಖಾತೆ ನಿಂತಿತು. ಅವರು ಮನೆಯಲ್ಲಿದ್ದರೆಂದೇ ನಾನು ಬೆಳಗಿನ ಲೋಕಲ್ ಹಿಡಿದೆ, ನನ್ನ ಖಾತೆಗೆ ತಿಂಗಳು ತಿಂಗಳೂ ಹಣ ಬಿತ್ತು.

ಪಿ.ಎಫ್. ಜೊತೆಗೇ ಬರುವ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಅಂದರೆ ಬಿಟ್ಟುಹೋದ ಪ್ರತಿ ವರ್ಷಕ್ಕೂ ಪಿಂಚಣಿ ಸವೆಯುತ್ತದೆ. ಹತ್ತು ವರ್ಷದ ಸೇವೆ ತುಂಬದವರಿಗೆ 58 ಆದ ಮೇಲೂ ತಿಂಗಳ ಪಿಂಚಣಿಯೇ ಇಲ್ಲ. ಕನಿಷ್ಠ ಮೊತ್ತವಾದರೂ ಎಷ್ಟು? 2014ರಿಂದ 1,000 ರೂಪಾಯಿ.

ಬ್ರಿಟನ್ನಿನವರು ಇದಕ್ಕೊಂದು ದಾರಿ ಮಾಡಿದ್ದಾರೆ. ಅಲ್ಲಿ ಪೂರ್ಣ ಪಿಂಚಣಿಗೆ ಸಾಮಾನ್ಯವಾಗಿ 35 ವರ್ಷಗಳ ರಾಷ್ಟ್ರೀಯ ವಿಮೆ ಬೇಕು. ಮಕ್ಕಳ ಭತ್ಯೆ ಪಡೆಯುವ ತಾಯಿಗೋ ತಂದೆಗೋ ಆ ವರ್ಷ ವಿಮೆ ಕಟ್ಟಿದಂತೆಯೇ ಜಮೆಯಾಗುತ್ತದೆ. ಅವರು ಕೆಲಸಕ್ಕೆ ಹೋಗುತ್ತಿದ್ದರೆ ಆ ಜಮೆ ಅವರಿಗೆ ಬೇಕಿಲ್ಲ. 2011ರ ಏಪ್ರಿಲ್‌ನಿಂದ ಅದನ್ನು ಅಜ್ಜ ಅಥವಾ ಅಜ್ಜಿಯ ಹೆಸರಿಗೆ ವರ್ಗಾಯಿಸಬಹುದು. ಮಗು 12 ವರ್ಷದೊಳಗಿರಬೇಕು, ಅಜ್ಜಿಗೆ ಪಿಂಚಣಿಯ ವಯಸ್ಸು ಆಗಿರಬಾರದು. ಕೈಗೆ ದುಡ್ಡು ಕೊಡುವುದಿಲ್ಲ, ವರ್ಷ ಮಾತ್ರ ಸೇರುತ್ತದೆ. ಭತ್ಯೆ ಪಡೆಯುವವರ ಒಪ್ಪಿಗೆಯೂ ಬೇಕು. ನಮ್ಮಲ್ಲಿ ಸೊಸೆಯ ಸಹಿ ಬೇಕೆಂದರೆ ಎಷ್ಟು ಮನೆಗಳಲ್ಲಿ ಏನೇನಾಗುತ್ತದೋ!

‘ಮಹಾರಾಷ್ಟ್ರದಲ್ಲಿ ಶ್ರಾವಣಬಾಳ ಯೋಜನೆ ಇದೆಯಲ್ಲ’ ಎನ್ನುವವರಿದ್ದಾರೆ. ಅದು 65 ದಾಟಿದ ಬಡವರಿಗೆ, ಬಡತನ ನೋಡಿ ಕೊಡುವಂಥದ್ದು. ನಾನು ಹೇಳುತ್ತಿರುವುದು ದುಡಿಮೆಯ ಮಾತು.

ನೌಕರರ ಪಿಂಚಣಿ ನಿಧಿಗೆ ಕೇಂದ್ರ ಸರ್ಕಾರ ಈಗಾಗಲೇ ಸಂಬಳದ ಶೇ. 1.16ರಷ್ಟನ್ನು ಹಾಕುತ್ತದೆ. ಮೊಮ್ಮಗುವಿಗಾಗಿ ಕೆಲಸ ಬಿಟ್ಟ ಸದಸ್ಯೆಯ ವಂತಿಗೆಯನ್ನು 58ರವರೆಗೆ ಅದೇ ಸರ್ಕಾರ ಭರಿಸಲಿ. ಸುಳ್ಳು ಅರ್ಜಿಗಳು ಬರುತ್ತವೆ ಎಂಬ ಭಯವೇ? ಮಗುವಿನ ಜನನ ಪ್ರಮಾಣಪತ್ರವಿದೆ, ತಾಯಿಯ ಪಿ.ಎಫ್. ಸಂಖ್ಯೆಯಿದೆ, ಅಜ್ಜಿಯ ಖಾತೆ ಯಾವ ತಿಂಗಳು ನಿಂತಿತೆಂಬ ದಾಖಲೆಯೂ ಇದೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲು ಒಬ್ಬ ಗುಮಾಸ್ತ ಸಾಕು.